ಅಪ್ಪನ ಸಹಿ ಬೇಕಾದ ಎರಡು ಅರ್ಜಿ

ಅಪ್ಪಾ,

ನೀವು ಕುರಿಗಳಿಗೆ ಹುಲ್ಲು ಹಾಕಲು ಹೋದಾಗ ಇದನ್ನು ಬರೆಯುತ್ತಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಏಳನೇ ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೊರಟೆ. ಶೋರ್ಪೊ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಮೇಜಿನ ಮೇಲೆ ಎರಡು ಅರ್ಜಿ ಇಟ್ಟಿದ್ದೇನೆ. ಮನೆ ನಿಮ್ಮ ಹೆಸರಿನಲ್ಲಿರುವುದರಿಂದ ಸಹಿ ನಿಮ್ಮದೇ ಬೇಕಂತೆ. ಅತಿಥಿ ವೀಸಾ ಆದರೆ ಫರೀದೂನ್ ಹೆರಿಗೆಯ ಹೊತ್ತಿಗೆ ಕಾಬೂಲಿನಿಂದ ಬಂದಾನು, ಎರಡೇ ತಿಂಗಳಿಗೆ ವಾಪಸು ಹೋಗಬೇಕು. ಕುಟುಂಬ ವೀಸಾ ಆದರೆ ನಮ್ಮ ಜೊತೆಯೇ ಉಳಿಯಬಹುದು, ಆದರೆ ಅವನು ಬರುವಷ್ಟರಲ್ಲಿ ಮಗು ನಡೆಯುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. "ನೀನೇ ಯೋಚನೆ ಮಾಡಮ್ಮ" ಅಂದುಬಿಟ್ಟಳು ವೀಸಾ ಕಚೇರಿಯವಳು. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ನೀವು ಯಾವುದಕ್ಕೆ ಸಹಿ ಹಾಕುತ್ತೀರೋ ಅದನ್ನೇ ಕೊಡುತ್ತೇನೆ. ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ, ಅದಕ್ಕೆ ಮೊದಲೇ ಬಂದು ತೆಗೆದುಕೊಂಡು ಹೋಗುತ್ತೇನೆ.

ನಮ್ಮ ಮದುವೆಯಾದಾಗಿನಿಂದ ನೀವು ಅವನ ಹೆಸರೆತ್ತಿಲ್ಲ, ಗೊತ್ತು. ಅವನು ಮಾತ್ರ ಪ್ರತಿ ಸಲ ಫೋನಿನಲ್ಲಿ "ಅಪ್ಪನಿಗೆ ನನ್ನ ಸಲಾಂ ಹೇಳಿದೆಯಾ?" ಅಂತ ಕೇಳುತ್ತಾನೆ. "ಹೇಳಿದೆ, ಅವರೂ ನಿನಗೆ ಸಲಾಂ ಹೇಳಿದರು" ಅಂತ ಅವನು ಕಾಬೂಲಿಗೆ ಹೋದ ದಿನದಿಂದ ಸುಳ್ಳು ಹೇಳುತ್ತಾ ಬಂದಿದ್ದೇನೆ.

ಇವತ್ತು ನಿಜವಾಗಿಯೂ ತಿಳಿಸುತ್ತಿದ್ದೇನೆ ಅಪ್ಪಾ. ಅವನು ನಿಮಗೆ ಸಲಾಂ ಹೇಳಿದ್ದಾನೆ.

ನಿಮ್ಮ ಬುರುಲ್