ದಿವಾನನ ಬಲಗಣ್ಣು

ಜೂನ್ 3, ಮಂಗಳವಾರ. ಬೆಳಿಗ್ಗೆ 8.40

ಆರೂವರೆಯ ಬ್ಯಾಚ್ ಮುಗಿಯಿತು. ಏಳು ವರ್ಷದ ತನ್ಮಯಿ, ಅರವತ್ತಮೂರರ ಅಲಮೇಲು. ಇಬ್ಬರಿಗೂ ಒಂದೇ ಭಯ, ಒಂದೇ ಕುದುರೆ — ದಿವಾನ. ಅಲಮೇಲು ನಿವೃತ್ತ ಗಣಿತದ ಟೀಚರ್. ಜೀನಿನ ಮೇಲೆ ಕೂರುವ ಮೊದಲು ಕುದುರೆಗೆ ಕೈಮುಗಿದು ಸಾರಿ ಕೇಳಿದರು. ಸವಾರಿಗೆ ಮುನ್ನ ಸಾರಿ. ಪರವಾಗಿಲ್ಲ, ಸಂಸ್ಕಾರವಂತರು.

ದಿವಾನ ಸುತ್ತುವುದು ಎಡಕ್ಕೆ ಮಾತ್ರ. ಎಡಕ್ಕೆ ಸುತ್ತಿದರೆ ಬಲಗಣ್ಣು ಬೇಲಿಯ ಕಡೆ, ಎಡಗಣ್ಣು ನಡುವೆ ನಿಂತ ನನ್ನ ಕಡೆ. ಬಲಗಣ್ಣಿಗೆ ಪೊರೆ ಬಂದು ಮೂರು ತಿಂಗಳು. ಆ ಗುಟ್ಟು ಪೊರೆಯುವವರು ಇಬ್ಬರೇ — ನಾನು, ಲಾಯ ನೋಡಿಕೊಳ್ಳುವ ಮರಿಸ್ವಾಮಿ. ಸವಾರಿ ಶಾಲೆಯ ಮಾಲೀಕ ಅಮರ್‌ಗೆ ಗೊತ್ತಿಲ್ಲ. ಗೊತ್ತಾಗಬಾರದು.

ಜೂನ್ 8

ಪಾಠಕ್ಕೆ ಒದಗದ ಕುದುರೆ ಮಂಡಿ ಮೊಹಲ್ಲಾದ ಮದುವೆ ಮೆರವಣಿಗೆಯವರ ಪಾಲು. ಇಲ್ಲಿನ ರಿವಾಜು. ಹೋದ ವರ್ಷ ಕುಂಟಿದ ಹೆಣ್ಣುಕುದುರೆಯನ್ನು ಹಾಗೇ ಕಳಿಸಿದರು. ಆಮೇಲೊಮ್ಮೆ ಬನ್ನಿಮಂಟಪದ ಛತ್ರದ ಮುಂದೆ ಕಂಡಿತು... ಕಾಲ ಬುಡದಲ್ಲಿ ಪಟಾಕಿ, ಕಿವಿಯ ಪಕ್ಕ ಬ್ಯಾಂಡು. ಮೈಯೆಲ್ಲ ನಡುಕ.

ಮರಿಸ್ವಾಮಿ ಇವತ್ತು ಹುಲ್ಲು ಹಾಕುತ್ತ ಅಂದ, “ಎರಡು ಕಣ್ಣಿದ್ದೋಳೇ ಅಂಗೆ ನಡುಗ್ತಿದ್ಲು ಮೇಡಂ. ಇವನನ್ನ ಕಳಿಸಿಬುಟ್ರೆ ಒಂದೇ ಪಟಾಕಿಗೆ ಎದೆ ಒಡ್ಕೊಂಡೋಯ್ತಾನೆ.”

ಆದ್ದರಿಂದ ನನ್ನ ಕ್ಲಾಸಿನಲ್ಲಿ ಬಲಕ್ಕೆ ಜಾಗವಿಲ್ಲ. ಶಿಷ್ಯರೆಲ್ಲ ಎಡಪಂಥೀಯರು. ದಿವಾನನಿಗೆ ಲಗಾಮಿಗಿಂತ ನನ್ನ ದನಿಯನ್ನೇ ರೂಢಿ ಮಾಡಿಸುತ್ತಿದ್ದೇನೆ. ‘ನಿಲ್ಲು’ ಅಂದರೆ ನಿಲ್ಲುತ್ತಾನೆ. ‘ಬಾ’ ಅಂದರೆ ಬರುತ್ತಾನೆ. ನನ್ನ ಮಾತು ಕೇಳುವ ಏಕೈಕ ಗಂಡು.

ಜೂನ್ 19

ಅಲಮೇಲು ಹಿಡಿದೇಬಿಟ್ಟರು. “ಎರಡು ವಾರದಿಂದ ಒಂದೇ ದಿಕ್ಕು ಕಣಮ್ಮ ರಂಜನಿ. ಬಲಗಡೆ ಯಾವಾಗ?”

ಮೊದಲು ಒಂದು ಬದಿ ಗಟ್ಟಿಯಾಗಬೇಕು, ಇದೊಂದು ಮೆಥಡ್ ಅಂದೆ. ನಗದೆ ಹೇಳಿದೆ. ಅವರು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಅಡಿಗೆರೆ ಬೇರೆ ಎಳೆದರು.

ಕಾಲೇಜಿನ ಎನ್‌ಸಿಸಿಯಲ್ಲಿ ನನಗೆ ಸವಾರಿ ಕಲಿಸಿದ ಹವಾಲ್ದಾರ್ ದಿನವೂ ಅರ್ಧ ಗಂಟೆ ಎಡ, ಅರ್ಧ ಗಂಟೆ ಬಲ ಸುತ್ತಿಸುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

ಜುಲೈ 6, ಭಾನುವಾರ

ಪೋಷಕರ ಎದುರು ಪ್ರದರ್ಶನ. ಅಮರ್ ಹೊಸ ಹೆಣ್ಣುಕುದುರೆ ತಂದಿದ್ದರು, ತನ್ಮಯಿಯನ್ನು ಅದರ ಮೇಲೆ ಕೂರಿಸಿದರು. ಬೇಡ ಅನ್ನಬಹುದಿತ್ತು. ಅಂದರೆ ಕಾರಣ ಹೇಳಬೇಕು.

ಎಡಕ್ಕೆ ಎರಡು ಸುತ್ತು ಸೊಗಸಾಗಿ ಬಂದಳು. ಚಪ್ಪಾಳೆ. ಅಮರ್ ಹುರುಪಿನಲ್ಲಿ, ಈಗ ಬಲಕ್ಕೆ ತಿರುಗಿಸು ಪುಟ್ಟಿ ಅಂದರು. ಮಗು ಅಭ್ಯಾಸಬಲದಿಂದ ಎಡ ಲಗಾಮನ್ನೇ ಎಳೆದು, ಮೈಯನ್ನು ಮಾತ್ರ ಬಲಕ್ಕೆ ವಾಲಿಸಿತು. ಕುದುರೆ ಒಂದು ಕಡೆ, ಮಗು ಇನ್ನೊಂದು ಕಡೆ.

ಮಣಿಕಟ್ಟು ಮುರಿದಿದೆ. ಅಳಲಿಲ್ಲ. ಮಣ್ಣಿನಲ್ಲಿ ಕೂತು ನನ್ನನ್ನು ಕೇಳಿತು, “ಮೇಡಂ, ಬಲಗಡೆ ಪಾಠ ನಮಗಿನ್ನೂ ಆಗಿಲ್ಲ ಅಲ್ವಾ?”

ಜುಲೈ 7

ಅಮರ್‌ಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. ಲಾಯಕ್ಕೆ ಹೋಗಿ ದಿವಾನನ ಬಲಗಣ್ಣಿನ ಮುಂದೆ ಕೈ ಆಡಿಸಿದರು. ರೆಪ್ಪೆ ಬಡಿಯಲಿಲ್ಲ.

“ಕುದುರೆ ಉಳಿಸೋಕೆ ಮಗೂನ ಬೀಳಿಸಿದ್ರಿ.”

ಈ ಸಲ ತಮಾಷೆ ಹೊಳೆಯಲಿಲ್ಲ. ಕೆಲಸದಿಂದ ತೆಗೆದಿಲ್ಲ, ಬೇರೆ ಯಾರೂ ಸಿಕ್ಕಿಲ್ಲವಂತೆ. ದಿವಾನ ಶುಕ್ರವಾರ ಹೋಗುತ್ತಾನೆ.

ಜುಲೈ 11, ಶುಕ್ರವಾರ. 11 ಗಂಟೆ

ಮೆರವಣಿಗೆಯವರ ವ್ಯಾನ್ ಬಂತು. ಹಲಗೆ ಇಳಿಸಿದರು. ದಿವಾನ ಹತ್ತಲಿಲ್ಲ. ಬೆಲ್ಲ ಆಯಿತು, ಹಗ್ಗ ಆಯಿತು, ಮುಕ್ಕಾಲು ಗಂಟೆ ಆಯಿತು. ವ್ಯಾನಿನವನು ಕೋಲು ತೆಗೆದ. ಮರಿಸ್ವಾಮಿ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

ವ್ಯಾನಿನೊಳಗೆ ಹೋಗಿ ನಿಂತೆ. ‘ಬಾ ದಿವಾನ’ ಅಂದೆ.

ಬಂದ. ಕಿವಿ ಮುಂದಕ್ಕೆ ಚಾಚಿಕೊಂಡು, ಒಂದೊಂದೇ ಹೆಜ್ಜೆ. ಹಣೆಯನ್ನು ನನ್ನ ಎದೆಗೆ ಒತ್ತಿ ನಿಂತ. ನಾನು ಪಕ್ಕದ ಬಾಗಿಲಿನಿಂದ ಇಳಿದೆ — ಅವನ ಬಲಗಡೆಯಿಂದ. ಕಾಣಲಿಲ್ಲ ಅವನಿಗೆ.

ಜುಲೈ 22

ಆಷಾಢ. ಮದುವೆಗಳಿಲ್ಲ. ಇನ್ನು ಮೂರು ದಿನಕ್ಕೆ ಶ್ರಾವಣ.

ತನ್ಮಯಿ ಮತ್ತೆ ಬರುವುದಿಲ್ಲವಂತೆ. ಅವಳ ತಾಯಿ ಮೆಸೇಜ್ ಮಾಡಿದ್ದರು. ಎರಡೇ ಸಾಲು.

ಜುಲೈ 30, ಬುಧವಾರ. ಸಂಜೆ 7

ಬೆಳಗಿನ ಬ್ಯಾಚ್ ಮುಚ್ಚಿದೆ. ಅಲಮೇಲು ಒಬ್ಬರೇ ಸಂಜೆ ಬರುತ್ತಾರೆ, ಹೊಸ ಕುದುರೆಯ ಮೇಲೆ. ನೋಟ್‌ಬುಕ್ಕಿನ ಆ ಸಾಲು ಹೊಡೆದುಹಾಕಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಮೊದಲ ಬಾರಿ ಬಲಕ್ಕೆ ಸುತ್ತಿಸುತ್ತಿದ್ದೆ. ಬೇಲಿಯಾಚೆ ರಸ್ತೆಯಲ್ಲಿ ಬ್ಯಾಂಡು, ಒಂದು ಮೆರವಣಿಗೆ. ನೋಡಬಾರದೆಂದು ಬೆನ್ನು ಹಾಕಿ ನಿಂತೆ. ಅಲಮೇಲು ಮೂಲೆಯಲ್ಲಿ ತಡವರಿಸಿದರು. ‘ನಿಲ್ಲು’ ಅಂತ ಜೋರಾಗಿ ಕೂಗಿದೆ.

ಹೊಸ ಕುದುರೆ ನಿಂತಿತು. ಹಿಂದೆ ಬ್ಯಾಂಡೂ ನಿಂತಿತು. ತಿರುಗಿದೆ. ಜರಿಯ ಮುಸುಕು ಹೊದ್ದ ದಿವಾನ, ಮೇಲೆ ಮದುಮಗ, ನಡುರಸ್ತೆ. ಯಾರು ಎಷ್ಟು ಎಳೆದರೂ ಅಲ್ಲಾಡುತ್ತಿಲ್ಲ. ಕಿವಿ ಮಾತ್ರ ಬೇಲಿಯ ಕಡೆ.

ಎಡಗಣ್ಣೂ ಬೆಳ್ಳಗಾಗಿತ್ತು.

ಯಾರೋ ಪಟಾಕಿ ಸರಕ್ಕೆ ಬೆಂಕಿ ಹಚ್ಚಲು ಬಗ್ಗಿದರು. ಅಲಮೇಲು ಮೆಲ್ಲಗೆ, “ಏನಾದ್ರೂ ಹೇಳಮ್ಮ ಅವನಿಗೆ” ಅಂದರು. ಏನು ಹೇಳುವುದು. ಅವನಿಗೆ ಬರುವುದು ಎರಡೇ ಮಾತು, ‘ನಿಲ್ಲು’ ಹೇಳಿಯಾಗಿತ್ತು, ಇನ್ನೊಂದು, ‘ಬಾ’, ಹೇಳಿದ್ದರೆ ಕಣ್ಣು ಕಾಣದವನು ಮದುಮಗನ ಸಮೇತ ಬೇಲಿಗೇ ನುಗ್ಗುತ್ತಿದ್ದ.