ಹೆಸ್ಕೇಲ್ ಊದ್ ಹಿಡಿದ ಸಂಜೆ

ರಮತ್ ಗನ್,
೨೬ ಏಪ್ರಿಲ್ ೧೯೬೧

ಪ್ರೀತಿಯ ತಂಗಿ ಲುಲುವಾ,

ಹೇಗಿದ್ದೀಯೆ? ನಿನ್ನ ಕಾಗದಗಳು ಬಂದು ಕೂತಿದ್ದರೂ ಉತ್ತರ ಬರೆಯದ ಅಕ್ಕನನ್ನು ಲಂಡನ್ನಿನಲ್ಲಿ ಕೂತು ಬೈಯುತ್ತಿರುತ್ತೀಯ. ಬೈದುಕೋ. ಪೆಸಾಹ್ ಹಬ್ಬಕ್ಕೆ ಮನೆ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಗಿತ್ತು. ಇವತ್ತು ಮಾತ್ರ ಒಲೆಯ ಮೇಲೆ ಅನ್ನ ಸೀದರೂ ಸರಿ, ಬರೆದೇ ಏಳುವವಳು. ನಿನ್ನ ಭಾವ ಊದ್ ನುಡಿಸಿದರು ಕಣೇ! ಅದೂ ಏನನ್ನು? ರಾಷ್ಟ್ರಗೀತೆಯನ್ನು!

ಬಾಗ್ದಾದ್ ರೇಡಿಯೋದಲ್ಲಿ ಅವರು ನುಡಿಸುವಾಗ ಬೀದಿಯೇ ಕಿವಿಯಾಗುತ್ತಿತ್ತಲ್ಲ. ಯಹೂದಿಗಳ ಈ ಹೊಸ ದೇಶಕ್ಕೆ ಬಂದು ಬಿಸ್ಕತ್ತು ಕಾರ್ಖಾನೆ ಸೇರಿದ ಮೇಲೆ ಊದ್ ತಂತಿ ಸಡಿಲಾಗಿ ಬೀರುವಿನ ಮೇಲೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಆ ಗೀತೆ ಶುರುವಾದರೆ ಸಾಕು, ಸಿಗರೇಟಿನ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಕಾರಣ ನಿನಗೆ ಗೊತ್ತೇ ಇದೆ.

ಹೋದ ವಾರ ಸ್ವಾತಂತ್ರ್ಯದ ದಿನ ಶಾಲೆಯ ಅಂಗಳದಲ್ಲಿ ಬಡಾವಣೆಯೇ ಸೇರಿತ್ತು. ಈ ಮಣ್ಣಿನಲ್ಲೇ ಹುಟ್ಟಿದ ನಮ್ಮ ಕಿರಿಮಗಳು ದಲಿಯಾ ಬಿಳಿ ಅಂಗಿ ಹಾಕಿಕೊಂಡು ನನ್ನ ಪಕ್ಕ ಕುಣಿಯುತ್ತಿದ್ದಳು. ಸಂಗೀತದ ಮೇಷ್ಟ್ರು ಗೆರ್ಶೋನ್, ಪೋಲೆಂಡಿನವರು, ಅಕಾರ್ಡಿಯನ್ ಎಳೆದರೋ ಇಲ್ಲವೋ, ಅದರ ತಿದಿ ಪರ್ರನೆ ಹರಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಎದುರುಮನೆಯ ಮುದುಕಿ ಫರ್ಹಾಳ ನಾಲಗೆ ಗೊತ್ತಲ್ಲ. ಅಷ್ಟು ಜನರ ಮಧ್ಯೆ ಕೂಗಿದಳು: “ಏ ಹೆಸ್ಕೇಲ್, ನಿನ್ ಊದ್ ಮನೇಲಿ ಧೂಳು ತಿಂತಾ ಕೂತಿದೆಯಲ್ಲೋ, ತಗೊಂಡ್ಬಾ!”

ಮೇಷ್ಟ್ರಿಗೆ ಗಾಬರಿ. “ಅಜ್ಜಿ, ಇದು ಮದುವೆ ಮನೆಯಲ್ಲ, ರಾಷ್ಟ್ರಗೀತೆ!”

“ಮದುವೆಗಿಂತ ದೊಡ್ಡದು ಅಂತಲೇ ಹೇಳ್ತಿರೋದು ಕಣಪ್ಪಾ.”

ಇವರು ಎದ್ದು ಗೇಟು ದಾಟಿ ಹೋದರು. ಮುಗಿಯಿತು, ಇನ್ನು ವಾರವಿಡೀ ಮುಖ ಗಂಟಿಕ್ಕಿಕೊಂಡಿರುತ್ತಾರೆ ಎಂದುಕೊಂಡೆ. ಫರ್ಹಾಳನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಅಷ್ಟರಲ್ಲಿ ನೋಡಿದರೆ, ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದಾರೆ, ಊದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು!

“ಮೇಷ್ಟ್ರೇ, ಹೆದರಬೇಡಿ,” ಎಂದರು ತಂತಿ ಬಿಗಿಯುತ್ತಾ. “ನಿಮ್ಮ ಗೀತೇಲಿ ಜನ ಈ ನೆಲಕ್ಕೆ ಹಂಬಲಿಸಿ ಪೂರ್ವಕ್ಕೆ ನೋಡ್ತಾರೆ. ನಾವು ಬಾಗ್ದಾದಿನವರು ಇದೇ ನೆಲಕ್ಕೆ ಅಷ್ಟು ಕಾಲ ಪಶ್ಚಿಮಕ್ಕೆ ನೋಡ್ತಾ ಕೂತಿದ್ವಿ. ಕುತ್ತಿಗೆ ನೋವು ಇಬ್ಬರಿಗೂ ಒಂದೇ.”

ಮೇಷ್ಟ್ರು ಮೊದಲ ಸಲ ನಕ್ಕರು. “ನುಡಿಸಿ ಮಾರಾಯರೇ. ನಿಧಾನವಾಗಿ ಮಾತ್ರ. ನಮ್ಮಮ್ಮ ನಿಧಾನವಾಗಿ ಹಾಡ್ತಿದ್ದಳು.”

ಲುಲುವಾ, ಹೇಗೆ ಹೇಳಲಿ! ಆ ಗೀತೆ ನಮ್ಮ ನಹಾವಂದ್ ರಾಗದ ಬಟ್ಟೆ ತೊಟ್ಟು ಬಂತು. ಬೆರಳು ಮೊದಲು ತಡವರಿಸಿತು, ಆಮೇಲೆ ಹಳೆಯ ಹೆಸ್ಕೇಲರೇ. ಪೋಲೆಂಡಿನವರು, ನಮ್ಮವರು, ಯೆಮೆನಿನವರು, ಎಲ್ಲರೂ ಎದ್ದು ನಿಂತು ಗಂಟಲು ಬಿಚ್ಚಿ ಹಾಡಿದರು. ಮುಗಿದದ್ದೇ ತಡ, ರಾಷ್ಟ್ರಗೀತೆಗೆ ಹಾಗೆ ಮಾಡಬಾರದೆಂಬುದನ್ನೂ ಮರೆತು ನಮ್ಮ ಹೆಂಗಸರು ನಾಲಗೆ ಕುಣಿಸಿ ಕೇಕೆ ಹಾಕಿದರು. ಮೇಷ್ಟ್ರು ಕಣ್ಣೊರೆಸಿಕೊಂಡು, “ಇನ್ನೊಂದ್ ಸಲ!” ಎಂದರು. ರಾಷ್ಟ್ರಗೀತೆಯನ್ನು ಇನ್ನೊಂದು ಸಲ ಹಾಡಿಸಿದ್ದನ್ನು ಎಲ್ಲಾದರೂ ಕೇಳಿದ್ದೀಯಾ?

ಈಗ ಮೇಷ್ಟ್ರು ದಿನವೂ ಸಂಜೆ ಮನೆಗೆ ಬರುತ್ತಾರೆ. ಇವರು ತಾಳ ಹೇಳಿಕೊಡುವುದು, ಅವರು ತಪ್ಪುವುದು, ಇಬ್ಬರೂ ಜಗಳವಾಡುವುದು. ನನಗೆ ಚಹಾ ಮಾಡಿ ಸಾಕಾಗಿದೆ, ಆದರೂ ಮನೆ ಮನೆಯಾಗಿದೆ.

ನಿನ್ನ ಗಂಡನ ಕೆಮ್ಮು ವಾಸಿಯಾಗಲಿ. ನಿನ್ನ ಮಕ್ಕಳ ಮದುವೆಯಲ್ಲಿ ನಾನೇ ಮಿಠಾಯಿ ಎರಚುವಷ್ಟು ಆಯುಸ್ಸನ್ನು ದೇವರು ನನಗೂ ಕೊಡಲಿ.

ನಿನ್ನ ಅಕ್ಕ,
ನಯೀಮಾ

ತಾ.ಕ. ಎಲ್ಲರೂ ಹಾಡಿದರು ಎಂದು ಬರೆದೆ. ನಾನು ಹಾಡಲಿಲ್ಲ. ಬಾಗ್ದಾದಿನ ಬಚ್ಚಲಲ್ಲಿ ನನ್ನ ಹಿರಿಮಗ ಸಲೀಂ ಮೈ ತೊಳೆಯುತ್ತಾ ಇದನ್ನೇ ಹಾಡುತ್ತಿದ್ದ. ನಿನ್ನ ಭಾವನೇ ಅವನಿಗೆ ಕಲಿಸಿದ್ದು. ಪಕ್ಕದ ಮನೆಗೆ ಕೇಳೀತೆಂದು ನಾನು ಓಡಿಹೋಗಿ ಬಾಯಿ ಮುಚ್ಚಿದರೆ, ನನ್ನ ಅಂಗೈಯೊಳಗೇ ನಗುತ್ತಾ ಹಾಡು ಮುಂದುವರಿಸುತ್ತಿದ್ದ. ಕಡೆಗೆ ಪೊಲೀಸರು ಅವನನ್ನು ಎಳೆದೊಯ್ದದ್ದೂ ಅಲ್ಲಿ ನಿಷೇಧವಾಗಿದ್ದ ಈ ಗೀತೆಗಾಗಿಯೇ. ಜೈಲಿನಿಂದ ನಮಗೆ ಮರಳಿದ್ದು ಅವನ ದೇಹವಷ್ಟೇ. ಅವತ್ತು ದಲಿಯಾ ಪಕ್ಕದಲ್ಲಿ ನಿಂತು ಜೋರಾಗಿ ಹಾಡುತ್ತಿದ್ದಾಗ, ನನ್ನ ಕೈ ತಾನಾಗಿ ಎದ್ದು ಅವಳ ಬಾಯಿ ಮುಚ್ಚಿಬಿಟ್ಟಿತು. ಮಗು ಬೆಚ್ಚಿ, “ಯಾಕಮ್ಮಾ?” ಎಂದಳು. ಇನ್ನೂ ಕೇಳುತ್ತಲೇ ಇದ್ದಾಳೆ, ಲುಲುವಾ.