ಬಾಯಿಗೆ ಬಾರದ ಹೆಸರು

ಹುಕ್ಕೇರಿ, ೧೯೪೮

ಏನ್ರಿ,

ನೀವಿರುವ ದಡ್ಡಿ ಊರಿಗೆ ಈ ಪತ್ರ ಕಳಿಸುವಂತಿಲ್ಲ. ನೀವು ಬಾಂಬ್ ಇಡುವವರ ಗುಂಪಿನಲ್ಲಿ ಅವರಲ್ಲೊಬ್ಬರಂತೆ ಕೂತಿದ್ದೀರಿ. ಗುಪ್ತ ಪೊಲೀಸ್ ಕೆಲಸಕ್ಕಾಗಿ ಗಂಡ-ಹೆಂಡತಿ ಇದ್ದವರು ಅಣ್ಣ-ತಂಗಿಯಾದೆವು. ಹೆಸರನ್ನಾದರೂ ಬದಲಿಸಿಕೊಳ್ಳಿ ಎಂದಿದ್ದೆ, ನೀವು ನಕ್ಕಿರಿ.

ಇವತ್ತು ಸಂತೆಯಲ್ಲಿ ಆ ಗುಂಪಿನ ಮುಖಂಡ ನಾನು ಮಾರುವ ಕಂಬಳಿ ಮುಟ್ಟಿ ನೋಡುತ್ತ, "ನಿಮ್ಮಣ್ಣನ ಹೆಸರೇನವ್ವಾ?" ಎಂದ.

ಮದುವೆಯಾದಾಗಿನಿಂದ ಬಾಯಿಬಿಟ್ಟು ಹೇಳದ ಹೆಸರು. ನಾಲಿಗೆ ಏಳಲಿಲ್ಲ. ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

"ಇರ್ಲಿ ಬಿಡವ್ವಾ, ತಿಳೀತು," ಎಂದವನು ದಡ್ಡಿಯ ಬಸ್ಸು ಹತ್ತಿದ. ನಿಮ್ಮ ಪೊಲೀಸ್ ಸಾಹೇಬರಿಗೆ ಹೇಳಿದ್ದೇನೆ. ಜೀಪು ಹೊರಟಿದೆ, ಬಸ್ಸನ್ನು ಹಿಂದೆ ಹಾಕೀತೋ ಇಲ್ಲವೋ.

ಬಾಗಿಲು ಹಾಕಿಕೊಂಡು ಆಗಿನಿಂದ ಅದನ್ನೇ ಹೇಳುತ್ತಿದ್ದೇನೆ. ಈಗ ಎಷ್ಟು ಸಲೀಸಾಗಿ ಬರುತ್ತದೆ.

"ಮಾಲಿಂಗಪ್ಪ. ನಮ್ಮಣ್ಣನ ಹೆಸರು ಮಾಲಿಂಗಪ್ಪ ಅಂತ್ರಿ."